ನಾಲ್ಕು ಗಂಟೆಯ ಫೋನು

ಬೇಳೆ ಡಬ್ಬಿಯ ಹಿಂದೆ ಮಗಳ ಮೊಬೈಲು ಸಿಕ್ಕ ದಿನದಿಂದ ನನ್ನ ಅನುಮಾನ ಶುರುವಾಯಿತು. ಸಂಕ್ರಾಂತಿ ರಜೆಗೆ ಅವಳು ವಿಶಾಖಪಟ್ಟಣದಿಂದ ಬಂದಿದ್ದಳು. ಅಲ್ಲಿ ಸಿನಿಮಾ ಮಾಡುವುದನ್ನು ಕಲಿಸುವ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಸಾರಿಗೆ ತೊಗರಿಬೇಳೆ ತೆಗೆಯಲು ಹೋದರೆ ಡಬ್ಬಿಯ ಹಿಂದೆ ಫೋನು ನಿಂತಿದೆ, ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಮಿಣುಕುತ್ತಿದೆ. ಇದೇನೇ ಅಂದರೆ, “ಚಾರ್ಜಿಗೆ ಇಟ್ಟಿದ್ದೆ ಅಮ್ಮಾ” ಅಂದಳು. ಆ ಗೋಡೆಯಲ್ಲಿ ಪ್ಲಗ್ಗೇ ಇಲ್ಲ.

ನಾನು ಹುಟ್ಟಿನಿಂದ ಅನುಮಾನದವಳು. ತರಕಾರಿಯವನು ತಾನಾಗಿಯೇ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ ಟೊಮ್ಯಾಟೊಗಳನ್ನು ಒಂದೊಂದಾಗಿ ತಿರುವಿ ನೋಡುತ್ತೇನೆ. ಆದರೆ ಈ ಸಲದ ಅನುಮಾನಕ್ಕೆ ಗಟ್ಟಿ ಕಾರಣವಿತ್ತು. ದಿನಾ ಸಂಜೆ ನಾಲ್ಕು ಗಂಟೆಗೆ ನಾನು ನಿಂತುಕೊಂಡು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವ ಜಾಗ ಅದು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತವರು ಗದಗಿನ ಬೆಟಗೇರಿ. ಅಪ್ಪ ಕೈಮಗ್ಗದ ಸೀರೆಗಳ ವ್ಯಾಪಾರ ಮಾಡುತ್ತಿದ್ದ. ಮಾವನವರು ಮಂಗಳಗಿರಿಯ ಸೀರೆ ತಂದು ವಿಜಯವಾಡದ ಒನ್ ಟೌನಿನಲ್ಲಿ ಸಗಟು ಮಾರುತ್ತಿದ್ದವರು. ಸೀರೆಯ ಗಂಟುಗಳು ವರ್ಷಗಟ್ಟಲೆ ಅತ್ತಿಂದಿತ್ತ ಓಡಾಡಿ, ಕೊನೆಗೆ ಒಂದು ಸಲ ನನ್ನನ್ನೂ ಹೊತ್ತು ತಂದವು. ಬಂದ ಮನೆಯಲ್ಲಿ ಎಲ್ಲರದೂ ತೆಲುಗು. ಒಂದು ವರ್ಷದಲ್ಲಿ ನಾನೂ ಕಲಿತೆ. ನನ್ನ ಕನ್ನಡ ಆ ಮನೆಯಲ್ಲಿ ಒಬ್ಬರಿಗೂ ಬರುವುದಿಲ್ಲ ಅನ್ನುವುದು ಮೊದಮೊದಲು ದುಃಖವಾಗಿತ್ತು. ಆಮೇಲೆ ಅದೇ ದೊಡ್ಡ ಅನುಕೂಲವಾಯಿತು.

ಬೇರೆ ಮನೆಯ ಸೊಸೆಯಂದಿರು ಅತ್ತೆಯನ್ನು ಆಡಿಕೊಳ್ಳಬೇಕೆಂದರೆ ಮಹಡಿ ಹತ್ತಬೇಕು, ಇಲ್ಲವೆ ಗುಡಿಗೆ ಹೋಗುವ ನೆವ ಹೇಳಬೇಕು. ನನಗೆ ಆ ಕಷ್ಟವೇ ಇರಲಿಲ್ಲ. ನಮ್ಮ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿಲ್ಲ, ಬರೀ ಒಂದು ಕಮಾನು. ಕಮಾನಿನ ಆಚೆ ಅತ್ತೆಯ ಬೆತ್ತದ ಕುರ್ಚಿ. ಆರಡಿ ದೂರದಲ್ಲಿ ಅವರು ಹೂಬತ್ತಿ ಹೊಸೆಯುತ್ತ ಕೂತಿರುವಾಗಲೇ ನಾನು ಅವರ ಮೇಲಿನ ದೂರನ್ನೆಲ್ಲ ಗಂಟಲೆತ್ತಿ ಅಕ್ಕನಿಗೆ ಒಪ್ಪಿಸುತ್ತಿದ್ದೆ. “ಅತ್ತೆ” ಅಂದರೆ ಗೊತ್ತಾದೀತೆಂದು “ಮುದುಕಿ” ಅನ್ನುತ್ತಿದ್ದೆ. ಮುಖದಲ್ಲಿ ಸಿಟ್ಟು ತೋರದ ಹಾಗೆ ನಗುನಗುತ್ತಲೇ ಬೈಯುವುದು ರೂಢಿಯಾಗಿತ್ತು. ಫೋನಿಟ್ಟ ಮೇಲೆ ಅವರು ತೆಲುಗಿನಲ್ಲಿ, “ಅಕ್ಕ ಹೇಗಿದ್ದಾಳೆ ಅಮ್ಮಾಯಿ?” ಎಂದು ಕೇಳುವರು. ಅಮ್ಮಾಯಿ ಅಂದರೆ ಹುಡುಗಿ, ನನ್ನನ್ನು ಅವರು ಕರೆಯುವುದೇ ಹಾಗೆ. “ಚೆನ್ನಾಗಿದ್ದಾಳೆ ಅತ್ತಯ್ಯಾ” ಎಂದು ನಾನು ಅವರ ಮಜ್ಜಿಗೆಯ ಲೋಟ ಕೈಗೆ ಕೊಡುವೆ. ಇಪ್ಪತ್ತೈದು ವರ್ಷ ಹೀಗೇ ನಡೆದಿತ್ತು.

ಮಗಳು ಮಾತ್ರ ಅಪಾಯ. ಅವಳಿಗೆ ಆಡಲು ಕನ್ನಡ ನೆಟ್ಟಗೆ ಬಾರದು, “ನೀರು ಕೊಡು, ಅನ್ನ ಹಾಕು” ಇಷ್ಟರಲ್ಲೇ ಅವಳ ಕನ್ನಡ ಮುಗಿಯುತ್ತದೆ. ಕೇಳಿ ಎಷ್ಟು ತಿಳಿಯುತ್ತದೆ ಎಂದು ನಾನು ಎಂದೂ ಪರೀಕ್ಷೆ ಮಾಡಿರಲಿಲ್ಲ. ಬೇಳೆ ಡಬ್ಬಿಯ ಮುಂದೆ ನಿಂತು ಆ ಲೆಕ್ಕಾಚಾರ ಹಾಕತೊಡಗಿದೆ.

ಯುಗಾದಿ ಕಳೆದ ಮೇಲೆ ಅವಳು ಫೋನು ಮಾಡಿದಳು. ಕೋರ್ಸಿಗಾಗಿ ಚಿಕ್ಕ ಸಿನಿಮಾ ಮಾಡಬೇಕಂತೆ, ಅದರ ಮೊದಲ ದೃಶ್ಯವನ್ನು ನಮ್ಮ ಅಡುಗೆಮನೆಯಲ್ಲೇ ತೆಗೆಯಬೇಕಂತೆ. ಸಮುದ್ರ, ಬೆಟ್ಟ, ದೀಪಸ್ತಂಭ ಎಲ್ಲ ಪಕ್ಕದಲ್ಲೇ ಇರುವ ಊರು ಬಿಟ್ಟು, ಮಸಿ ಹಿಡಿದ ನನ್ನ ಅಡುಗೆಮನೆಗೆ ಯಾಕೆ ಬರುತ್ತೀರಿ ಎಂದು ಕೇಳಿದೆ. “ಕಥೆಗೆ ಬೇಕು” ಅಂದಳು. ಏನು ಕಥೆ ಅಂದರೆ, “ಒಬ್ಬ ಹೆಂಗಸಿನದು” ಅಂದಳು. ಆಮೇಲೆ ಒಂದೊಂದೇ ಪ್ರಶ್ನೆ. ನಾಲ್ಕು ಗಂಟೆಗೆ ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು ಎಲ್ಲಿಯವರೆಗೆ ಬರುತ್ತದೆ? ನಾನಮ್ಮನ ಕುರ್ಚಿ ಈಗಲೂ ಅಲ್ಲೇ ಇದೆಯಾ? ನಿನ್ನ ಹಸಿರು ಮಂಗಳಗಿರಿ ಸೀರೆ ಹರಿದಿಲ್ಲ ತಾನೆ? ತೆಲುಗಿನಲ್ಲಿ ಅಪ್ಪನ ತಾಯಿಗೆ ನಾನಮ್ಮ ಅನ್ನುತ್ತಾರೆ. ನಾನಮ್ಮನ ಕುರ್ಚಿಯ ಸುದ್ದಿ ಬಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಗಂಡನ ಹತ್ತಿರ ಹೇಳಿದರೆ, “ಮಕ್ಕಳು ಏನೋ ಮಾಡಿಕೊಳ್ಳಲಿ ಬಿಡು” ಎಂದು ಅಂಗಡಿಗೆ ಹೊರಟರು. ಅತ್ತೆಯೋ, ಸಿನಿಮಾ ಅಂದದ್ದೇ ತಡ, ಪೆಟ್ಟಿಗೆಯಿಂದ ಜರಿಯಂಚಿನ ಸೀರೆ ತೆಗೆಸಿದರು.

ಬೆಳಗಿನ ಟ್ರೇನಿಗೆ ಬಂದರು. ಮಗಳು, ಕ್ಯಾಮೆರಾ ಹಿಡಿಯುವ ಒಬ್ಬ, ಶಬ್ದ ದಾಖಲಿಸುವ ಇನ್ನೊಬ್ಬ, ಜೊತೆಗೆ ನಲವತ್ತು ದಾಟಿದ ಒಬ್ಬ ಹೆಂಗಸು. ಆಕೆ ವಿಶಾಖಪಟ್ಟಣದಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತ ನಾಟಕ ಆಡುವವಳಂತೆ. ನನ್ನನ್ನು ಕಂಡವಳೇ ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು, ದರ್ಜಿ ಅಳತೆ ತೆಗೆದ ಹಾಗೆ. ನಾನು ಸೆರಗು ಸಿಕ್ಕಿಸಿಕೊಂಡರೆ ಅವಳೂ ಸಿಕ್ಕಿಸಿಕೊಂಡಳು. ಕಾಫಿ ಕೊಟ್ಟು ಸೊಂಟದ ಮೇಲೆ ಕೈಯಿಟ್ಟೆ. ಸ್ವಲ್ಪ ಹೊತ್ತಿಗೆ ಅವಳ ಕೈಯೂ ಸೊಂಟಕ್ಕೆ ಬಂತು. ನನಗೆ ಮೈ ಉರಿಯಿತು.

ಶಬ್ದದವನು ಮನೆಯಲ್ಲಿ ಸದ್ದು ಮಾಡುವುದನ್ನೆಲ್ಲ ಹುಡುಕಿ ಹುಡುಕಿ ಬಂದ್ ಮಾಡಿದ. ಮೊದಲು ಫ್ಯಾನು, ಆಮೇಲೆ ಗೋಡೆ ಗಡಿಯಾರ. ವಿಜಯವಾಡದ ಆ ಬಿಸಿಲಿನಲ್ಲಿ ಫ್ಯಾನು ನಿಲ್ಲಿಸುವುದೆಂದರೆ ಶಿಕ್ಷೆ. ಆಮೇಲೆ ನೋಡಿದರೆ ನನ್ನ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಏನನ್ನೋ ಬಚ್ಚಿಡುತ್ತಿದ್ದಾನೆ. ಅವನು ಅತ್ತ ಹೋಗುವುದನ್ನೇ ಕಾದು ಇಣುಕಿದೆ. ಮೊಸರಿನ ಪಾತ್ರೆಯ ಪಕ್ಕದಲ್ಲಿ ಒಂದು ಬೀಗದ ಕೈ. ಹಿಡಿದುಕೊಂಡು ಹೋಗಿ, “ಇದೇನು?” ಎಂದು ಜೋರು ಮಾಡಿದೆ. ಶಬ್ದಕ್ಕಾಗಿ ಫ್ರಿಜ್ಜು ಆರಿಸಿದರೆ ಮತ್ತೆ ಹಾಕುವುದು ಮರೆತುಹೋಗುತ್ತದಂತೆ. ಅದಕ್ಕೇ ಅವನು ಹೋದ ಮನೆಗಳಲ್ಲೆಲ್ಲ ತನ್ನ ರೂಮಿನ ಬೀಗದ ಕೈಯನ್ನು ಅದರೊಳಗೇ ಇಡುತ್ತಾನಂತೆ, ಅದನ್ನು ಬಿಟ್ಟು ಹೊರಡಲಾರನಲ್ಲ. ಒಳ್ಳೆಯ ಪದ್ಧತಿಯೇ. ಆದರೂ ನಾನು ಮೊಸರಿನ ಪಾತ್ರೆಯ ಮುಚ್ಚಳ ತೆಗೆದು ಒಮ್ಮೆ ನೋಡಿಯೇ ಸುಮ್ಮನಾದೆ.

ಕ್ಯಾಮೆರಾ ಶುರುಮಾಡುವ ಮೊದಲು ಶಾಸ್ತ್ರವಿತ್ತು. ಇಲ್ಲಿ ದೊಡ್ಡ ಸಿನಿಮಾದವರಿಂದ ಹಿಡಿದು ಕಾಲೇಜಿನ ಮಕ್ಕಳವರೆಗೆ ಎಲ್ಲರೂ ಮೊದಲ ಕ್ಲಾಪನ್ನು ದೇವರ ಪಟದ ಮುಂದೆ ಹೊಡೆದು, ಮೊದಲು ದೇವರನ್ನೇ ಚಿತ್ರೀಕರಿಸುತ್ತಾರೆ. ಅತ್ತೆ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಕುಂಕುಮವನ್ನು ಕ್ಲಾಪಿನ ಹಲಗೆಗೆ ಹಚ್ಚಿ, ಕನಕದುರ್ಗಮ್ಮನ ಪಟದ ಮುಂದೆ ಎರಡೂ ಕೈಯಿಂದ ಫಟ್ಟೆಂದು ಹೊಡೆದರು. ಸಂಕ್ರಾಂತಿಯ ಹೊತ್ತಿಗೆ ಬಿದ್ದು ಸೊಂಟ ಮುರಿದುಕೊಂಡು ಎದ್ದವರು ಅಷ್ಟು ಜೋರಾಗಿ ಹೊಡೆಯಬಲ್ಲರೆಂದು ಯಾರೂ ಎಣಿಸಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತೆ ಗಂಭೀರವಾಗಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅವರಿಗೂ ದೃಶ್ಯದಲ್ಲಿ ಪಾತ್ರವಿತ್ತು. ಕಮಾನಿನ ಆಚೆ ಮಸುಕಾಗಿ ಹೂಬತ್ತಿ ಹೊಸೆಯುತ್ತ ಕೂತಿರುವುದು, ಅಷ್ಟೇ.

ಆಗ ನಾಟಕದವಳು ಒಳಗಿನ ಕೋಣೆಯಿಂದ ಬಂದಳು. ನನ್ನ ಹಸಿರು ಸೀರೆ ಉಟ್ಟಿದ್ದಳು. ಒಲೆಯ ಕಟ್ಟೆಗೆ ಒರಗಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತಾಲೀಮಿಗೆಂದು ಬಾಯಿ ತೆರೆದಳು.

“ಈ ಮುದುಕಿ ಕಣ್ಣು ಮುಚ್ಚಿದ ದಿನ ಈ ಮನಿಗೆ ಕೀಲಿ ಜಡದು ನಿನ್ನ ಕಡೆ ಬಂದುಬಿಡ್ತೀನಿ ಅಕ್ಕಾ. ಆಮ್ಯಾಲೆ ಈ ಊರ ದಿಕ್ಕಿಗೆ ತಲಿ ಇಟ್ಟು ಮಲಗಂಗಿಲ್ಲ.”

ಉಚ್ಚಾರ ಅಡ್ಡಾದಿಡ್ಡಿ. ಆದರೆ ಮಾತು ನನ್ನದು, ಅಕ್ಷರ ಬಿಡದೆ ನನ್ನದು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆ ಮಾತು ಆಡಿದ್ದು ಆ ಸಂಕ್ರಾಂತಿಯ ರಜೆಯಲ್ಲೇ. ಅಪ್ಪ ತೀರಿಕೊಂಡು ವರ್ಷವಾಗಿತ್ತು, ವರ್ಷಾಂತಿಕಕ್ಕೆ ಹೊರಡಲು ನಾನು ಟಿಕೆಟ್ ತೆಗೆಸಿದ್ದೆ. ಹೊರಡುವ ಹಿಂದಿನ ದಿನ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರನ್ನು ಎತ್ತುವುದು, ಮಗ್ಗುಲಾಗಿಸುವುದು, ಮೈ ಒರೆಸುವುದು, ಎಲ್ಲಕ್ಕೂ ನಾನೊಬ್ಬಳೇ. ಅಪ್ಪನ ಫೋಟೊಕ್ಕೆ ಹೂ ಹಾಕುವುದಕ್ಕೂ ಹೋಗಲಾಗಲಿಲ್ಲ. ವರ್ಷಾಂತಿಕದ ಸಂಜೆ ಅಕ್ಕ ಊರಿನಿಂದ ಫೋನು ಮಾಡಿ ಅಳುತ್ತಿದ್ದಾಗ ನನ್ನ ಬಾಯಿಂದ ಬಂದ ಮಾತು ಅದು. ಅತ್ತೆಯ ಮಂಚವನ್ನು ಹಾಲಿನಲ್ಲೇ ಹಾಕಿದ್ದೆವು. ಹೇಳಿದ್ದು ಸಿಟ್ಟಿನಲ್ಲಿ ಎನ್ನುವುದು ನಿಜ. ಹೇಳಿದಾಗ ಅದು ಪೂರ್ತಿ ಮನಸಿನಿಂದ ಬಂದಿತ್ತು ಎನ್ನುವುದೂ ನಿಜ.

ಮಗಳ ರಟ್ಟೆ ಹಿಡಿದು ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಳೆದುಕೊಂಡು ಹೋದೆ.

“ನೀನು ಕದ್ದು ಕೇಳಿಸಿಕೊಂಡೆ. ಮೇಲಿಂದ ಊರ ಮುಂದೆ ಹರಾಜು ಹಾಕ್ತಿದ್ದೀ. ಆ ಮಾತು ತೆಗಿ” ಅಂದೆ.

ಅವಳು ತೆಲುಗಿನಲ್ಲಿ ಸಮಾಧಾನ ಹೇಳಿದಳು. “ಅಮ್ಮಾ, ಅದೊಂದು ಮಾತಿಗಾಗಿಯೇ ಇಡೀ ಸಿನಿಮಾ ಇರೋದು. ಕೆಳಗೆ ತೆಲುಗು ಅಕ್ಷರಾನೂ ಹಾಕಲ್ಲ. ಒಬ್ಬಳು ಹೆಂಗಸು ಎದೆಯಲ್ಲಿದ್ದದ್ದನ್ನೆಲ್ಲ ಕೂಗಿ ಹೇಳ್ತಾಳೆ, ಮನೆಯಲ್ಲಿ ಒಬ್ಬರಿಗೂ ಅರ್ಥ ಆಗಲ್ಲ. ನೋಡುವವರಿಗೂ ಆಗಬಾರದು.”

“ನಿನಗೆ ಆಯ್ತಲ್ಲ.”

ತಲೆ ತಗ್ಗಿಸಿದಳು. “ನನಗೂ ಅರ್ಧ ಆಗಲಿಲ್ಲ. ಫೋನಿನಲ್ಲಿ ರೆಕಾರ್ಡ್ ಆದದ್ದನ್ನು ಮತ್ತೆ ಮತ್ತೆ ಕೇಳಿ, ಹಾಸ್ಟೆಲಿನಲ್ಲಿ ಬಳ್ಳಾರಿಯ ಒಬ್ಬಳನ್ನು ಕೇಳಿ ತಿಳಿದುಕೊಂಡೆ.” ಹಾಗಾದರೆ ಆ ಬಳ್ಳಾರಿಯವಳಿಗೂ ಗೊತ್ತು! “ನಾನಮ್ಮನಿಗೆ ಕನ್ನಡ ಬರುತ್ತಾ ಅಮ್ಮಾ? ನೀನೇ ಇಷ್ಟು ವರ್ಷ ಅವರೆದುರು ಮಾತಾಡಿದ್ದೀಯ. ಈಗ ಯಾಕೆ ಭಯ?”

ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದ ಮೇಲೇ ನಾನು ಇಪ್ಪತ್ತೈದು ವರ್ಷ ಬಾಯಿ ಬಿಟ್ಟಿದ್ದೆ. ಅದೇ ಧೈರ್ಯ ಮಗಳಿಗೆ ಸಾಲುವುದಿಲ್ಲ ಎಂದು ಹೇಗೆ ಹೇಳಲಿ? ಒಪ್ಪಿದೆ. ಆದರೆ ಒಂದು ಕರಾರು ಹಾಕಿದೆ, ಮುಗಿಯುವವರೆಗೆ ನಾನೂ ಅಡುಗೆಮನೆಯ ಮೂಲೆಯಲ್ಲಿ ನಿಂತಿರುತ್ತೇನೆ. ಅತ್ತೆಯ ಮುಖ ಕಾಣುವ ಜಾಗ ಅದು.

ನಾಲ್ಕಕ್ಕೆ ಸರಿಯಾಗಿ ಬಿಸಿಲು ಕಿಟಕಿಯಿಂದ ಕಟ್ಟೆಯ ಮೇಲೆ ಬಿತ್ತು. ಕ್ಲಾಪು ಹೊಡೆದರು. ನಾಟಕದವಳು ಮಾತು ಹೇಳಿದಳು. ನಾನು ಅವಳನ್ನು ನೋಡಲೇ ಇಲ್ಲ. ಅತ್ತೆಯ ಬೆರಳುಗಳನ್ನು ನೋಡಿದೆ. ಬತ್ತಿ ಹೊಸೆಯುತ್ತಿದ್ದವು, ಒಂದು ಕ್ಷಣವೂ ತಡೆಯಲಿಲ್ಲ. ನನ್ನ ಉಸಿರು ಕೆಳಗಿಳಿಯಿತು.

ಮಗಳಿಗೆ ಮಾತ್ರ ತೃಪ್ತಿಯಾಗಲಿಲ್ಲ. ಎರಡನೆಯ ಸಲ ನಾಟಕದವಳು ಕಣ್ಣೀರು ತಂದುಕೊಂಡಳು. “ಏನೋ ಸರಿಯಿಲ್ಲ” ಅಂದಳು ಮಗಳು. ಮೂರನೆಯ ಸಲ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಿಕ್ಕುತ್ತ, “ಈ ಮುದುಕಿ ಕಣ್ಣು ಮುಚ್ಚಿದ ದಿನ...” ಎಂದು ಶುರುಮಾಡಿದಳು.

“ಕಾದು” ಎಂದು ಕಮಾನಿನ ಆಚೆಯಿಂದ ದನಿ ಬಂತು. ತೆಲುಗಿನಲ್ಲಿ ಹಾಗೆಂದರೆ ಅಲ್ಲ, ಅಂತ.

ಎಲ್ಲರೂ ತಿರುಗಿದೆವು. ಅತ್ತೆ ಹೂಬತ್ತಿಯ ತಟ್ಟೆಯನ್ನು ಕೆಳಗಿಟ್ಟಿದ್ದರು. “ಅವಳು ಅಳುವುದಿಲ್ಲ” ಅಂದರು ತೆಲುಗಿನಲ್ಲಿ, ನಾಟಕದವಳನ್ನೇ ನೋಡುತ್ತ. “ಕರಿಬೇವು ಬಿಡಿಸುತ್ತಾ ಹೇಳಬೇಕು. ನಗುತ್ತಾ. ಹೀಗೆ.” ಆಮೇಲೆ ಇಲ್ಲದ ಕರಿಬೇವನ್ನು ಬೆರಳಲ್ಲಿ ಬಿಡಿಸುತ್ತ, ನನ್ನ ಬೆಟಗೇರಿಯ ಕನ್ನಡದಲ್ಲಿ, ನನ್ನ ಎಳೆತದಲ್ಲಿ ಹೇಳಿದರು:

“ಈ ಮುದುಕಿ ಕಣ್ಣು ಮುಚ್ಚಿದ ದಿನ ಈ ಮನಿಗೆ ಕೀಲಿ ಜಡದು ನಿನ್ನ ಕಡೆ ಬಂದುಬಿಡ್ತೀನಿ ಅಕ್ಕಾ.”

ಹಾವು ತುಳಿದವಳ ಹಾಗೆ ನಿಂತೆ. ಶಬ್ದದವನು ಕಿವಿಯ ಮೇಲಿನ ಹೆಡ್‌ಫೋನನ್ನು ನಿಧಾನವಾಗಿ ತೆಗೆದ. ಅವನಿಗೆ ಒಂದಕ್ಷರ ಕನ್ನಡ ಬಾರದು, ಆದರೂ ಏನೋ ಆಯಿತೆಂದು ಅವನಿಗೂ ತಿಳಿಯಿತು. ಮಗಳ ಮುಖ ಬಿಳಿಚಿತ್ತು. ನಾಟಕದವಳೊಬ್ಬಳೇ ಶ್ರದ್ಧೆಯಿಂದ, “ಆಮೇಲೆ ಏನು ಮಾಡಲಿ ಅಮ್ಮಾ?” ಎಂದು ಕೇಳಿದಳು.

“ಆಮೇಲೆ ಫೋನಿಟ್ಟು ನನಗೆ ಮಜ್ಜಿಗೆ ತಂದು ಕೊಡುತ್ತಾಳೆ” ಅಂದರು ಅತ್ತೆ. “ಎಷ್ಟು ಬೈದ ದಿನವಾದರೂ ಕೊಡುತ್ತಾಳೆ. ಅದನ್ನು ಮಾಡದಿದ್ದರೆ ಅದು ಅವಳಲ್ಲ.”

ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ನಾನು ಏನಾದರೂ ಹೇಳುತ್ತಿದ್ದೆ. ಕ್ಷಮಿಸಿ ಅನ್ನುತ್ತಿದ್ದೆ, ಇಲ್ಲವೆ ಇಷ್ಟು ವರ್ಷ ಕದ್ದು ಕೇಳಿದಿರಾ ಎಂದು ಜಗಳಕ್ಕೆ ನಿಲ್ಲುತ್ತಿದ್ದೆ. ಎರಡೂ ನಾಲಿಗೆಯ ತುದಿಯಲ್ಲಿದ್ದವು. ಮಗಳು ಮೆಲ್ಲಗೆ, “ಅಮ್ಮಾ, ಮಜ್ಜಿಗೆ...” ಅಂದಳು. ಕಡೆದು ಕೊಟ್ಟೆ. ನಾಚಿಕೆ ಮೈಯೆಲ್ಲ ಹರಡಿತ್ತು, ಅದರ ಜೊತೆಗೇ ಸಿಟ್ಟೂ ಇತ್ತು. ನನ್ನದೆಂದು ಇದ್ದ ಒಂದೇ ಒಂದು ಮೂಲೆಯಲ್ಲಿ ಯಾರೋ ಮೊದಲಿನಿಂದಲೂ ಕೂತಿದ್ದರು ಅನ್ನುವ ಸಿಟ್ಟು.

ನಾಟಕದವಳು ಕರಿಬೇವು ಬಿಡಿಸುತ್ತ, ನಗುತ್ತ ಮಾತು ಹೇಳಿ, ಲೋಟ ಒಯ್ದು ಅತ್ತೆಯ ಕೈಗಿಟ್ಟಳು. ಅತ್ತೆ ಗಟಗಟ ಕುಡಿದರು. ಹಾಗೆ ಮೂರು ಸಲ ತೆಗೆದರು, ಮೂರು ಲೋಟ ಕುಡಿದರು. ಮೂರನೆಯದಕ್ಕೆ ಮಗಳು, “ಓಕೆ” ಎಂದು ಪಿಸುಗುಟ್ಟಿ ಕಣ್ಣು ಒರೆಸಿಕೊಂಡಳು. ಪಾತ್ರೆಯಲ್ಲಿ ಉಳಿದಿದ್ದನ್ನು ನಾನು ಬಾಯಿಗೆ ಹಾಕಿದರೆ, ಬರೀ ಉಪ್ಪು. ಎರಡು ಸಲ ಹಾಕಿಬಿಟ್ಟಿದ್ದೆನೋ, ಮೂರು ಸಲವೋ. ಅವರು ಮುಖ ಕೂಡ ಹಿಂಡಿರಲಿಲ್ಲ.

ಮಕ್ಕಳು ಪೆಟ್ಟಿಗೆ ಕಟ್ಟುವಾಗ ಮಗಳನ್ನು ಮತ್ತೆ ಕಲ್ಲಿನ ಹತ್ತಿರ ನಿಲ್ಲಿಸಿ, “ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಿದೆ. ದುರ್ಗಮ್ಮನ ಆಣೆ ಇಟ್ಟಳು. ಅತ್ತೆ ಮಾತಾಡಿದ ಆ ಮೂರನೆಯ ಸಲದ್ದನ್ನು ನನ್ನೆದುರೇ ಅಳಿಸು ಅಂದೆ. ಏನೋ ಒತ್ತಿದಳು, “ಅಳಿಸಿದೆ” ಅಂದಳು. ಆಣೆಯನ್ನು ನಂಬಿದೆ, ಅಳಿಸಿದ್ದನ್ನು ಇವತ್ತಿಗೂ ನಂಬಿಲ್ಲ. ಶಬ್ದದವನು ಫ್ರಿಜ್ಜು ಹಾಕಿ ಬೀಗದ ಕೈ ತೆಗೆದುಕೊಂಡ. ಮಕ್ಕಳೆಲ್ಲ ಟ್ರೇನಿಗೆ ಹೊರಟರು.

ರಾತ್ರಿ ಊಟಕ್ಕೆ ಬಡಿಸುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. “ಯಾವಾಗಿನಿಂದ ಬರುತ್ತದೆ ಅತ್ತಯ್ಯಾ?”

ಅನ್ನ ಕಲಸುತ್ತ ಅವರು, “ನಿನ್ನ ಮಗಳು ಹುಟ್ಟುವ ಮೊದಲೇ” ಅಂದರು.

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀನು ಮಾತು ನಿಲ್ಲಿಸುತ್ತಿದ್ದೆ. ಈ ಮನೆಯಲ್ಲಿ ನಿನ್ನ ಮಾತಿಗೆ ಇನ್ಯಾರಿದ್ದರು?” ಅಂದು, ಸಾರು ಇನ್ನೊಂದು ಸೌಟು ಹಾಕು ಎಂದರು.

ಇದು ಕರುಣೆಯೋ, ದಿನಾ ನಾಲ್ಕು ಗಂಟೆಗೆ ಪುಕ್ಕಟೆ ಹರಿಕಥೆ ಕೇಳುವ ಚಟವೋ ನನಗೆ ಗೊತ್ತಾಗಲಿಲ್ಲ. ಮಲಗಿದ ಮೇಲೆ, ಏನೇನು ಅಂದಿದ್ದೆ ಎಂದು ಒಂದೊಂದೇ ನೆನಪಿಸಿಕೊಂಡೆ. ಅವರ ಗೊರಕೆಯನ್ನು ಅಣಕಿಸಿದ್ದು. ಮಾವ ಹೋದಾಗ ಅವರು ಅತ್ತದ್ದು ಸಾಲದು ಅಂದಿದ್ದು. ಮೊದಲನೆಯದು ಹೆಣ್ಣು ಅಂದಾಗ ಅವರ ಮುಖ ಹೇಗಾಯಿತೆಂದು ಅಕ್ಕನಿಗೆ ವರ್ಣಿಸಿದ್ದು. ಪ್ರತಿಯೊಂದರ ಕೊನೆಗೂ ಅವರು, “ಅಕ್ಕ ಹೇಗಿದ್ದಾಳೆ ಅಮ್ಮಾಯಿ?” ಎಂದು ಕೇಳಿದ್ದರು.

ಮರುದಿನ ನಾಲ್ಕಕ್ಕೆ ಫೋನು ರಿಂಗಾಯಿತು. ನಾನು ಕಟ್ಟೆಯ ಹತ್ತಿರ ಹೋಗಿ ಎತ್ತಿಕೊಂಡೆ. ಕಮಾನಿನ ಆಚೆ ಅತ್ತೆ ತಟ್ಟೆ ಬದಿಗಿಟ್ಟು, ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಕೋಲು ಊರುತ್ತ ಹೊರಗಿನ ಜಗಲಿಗೆ ಹೋದರು. ಹೋಗುವಾಗ ಬಾಗಿಲನ್ನು ಎಳೆದುಕೊಂಡರು. ಆ ಹೊತ್ತಿನಲ್ಲಿ ಜಗಲಿಯ ಮೇಲೆ ಕಾಲಿಡಲಾಗದಷ್ಟು ಬಿಸಿಲಿರುತ್ತದೆ.

ಅಕ್ಕ ಆ ಕಡೆಯಿಂದ ಹೇಳುತ್ತಲೇ ಇದ್ದಳು, ನಾನು ಸಣ್ಣ ದನಿಯಲ್ಲಿ ಹೂಂಗುಟ್ಟುತ್ತಿದ್ದೆ.

“ಯಾಕ ಪಿಸುಪಿಸು ಮಾತಾಡ್ತಿ?” ಅಂದಳು ಅಕ್ಕ. “ಅಲ್ಲಿ ಯಾರರೆ ಅದಾರೇನು?”

ನಾನು ಖಾಲಿ ಕುರ್ಚಿಯನ್ನು ನೋಡಿದೆ.

“ಯಾರೂ ಇಲ್ಲ” ಅಂದೆ.